1815ರ ಟೇಬಲ್ ಮೇಲೆ 1826ರ ಗುಡ್ಡ: ಒಂದು ವಾಟರ್ಲೂ ಆಟಕ್ಕೆ ನೆಲ ಆರಿಸಿದ ಪ್ರಕರಣ

ಮಿನಿಯೇಚರ್ ವಾರ್‌ಗೇಮ್ ಆಡುವ ನಾಲ್ವರ ಗುಂಪು. ಸಣ್ಣ ಸೈನಿಕ ಗೊಂಬೆಗಳನ್ನು ಟೇಬಲ್ ಮೇಲೆ ನಡೆಸಿ ಹಳೆಯ ಯುದ್ಧಗಳನ್ನು ಆಡುವವರು. ನೆಪೋಲಿಯನ್ ಕಾಲದ 15 ಮಿ.ಮೀ. ಗೊಂಬೆಗಳು ಬಣ್ಣ ಬಳಿದು ಸಿದ್ಧವಿದ್ದವು. ಆರು ಅಡಿಗೆ ನಾಲ್ಕು ಅಡಿಯ ಟೇಬಲ್ ಇತ್ತು. ವಾಟರ್ಲೂ ಯುದ್ಧವನ್ನು ಇಡಿಯಾಗಿ ಆಡುವಷ್ಟು ಜಾಗವೂ ಇಲ್ಲ, ಗೊಂಬೆಗಳೂ ಇಲ್ಲ. ಹಾಗಾಗಿ ಒಂದು ತುಣುಕು ಆರಿಸಿಕೊಂಡರು. 1815ರ ಜೂನ್ 18ರ ಮಧ್ಯಾಹ್ನ ಒಂದೂವರೆ ಹೊತ್ತಿಗೆ ಫ್ರೆಂಚ್ ಜನರಲ್ ಡೆರ್ಲೋನ್ ತನ್ನ ಕೋರ್ (ಹಲವು ಡಿವಿಜನ್ ಸೇರಿದ ದೊಡ್ಡ ಪಡೆ) ಜೊತೆ ಬ್ರಿಟಿಷ್ ದಂಡನಾಯಕ ವೆಲಿಂಗ್ಟನ್ ಸೇನೆಯ ಎಡಭಾಗದ ಮೇಲೆ ಏರಿ ಹೋದ ದಾಳಿ. ಒಳ್ಳೆಯ ಆಯ್ಕೆಯೇ. ಕಾಲಾಳು, ಫಿರಂಗಿ, ಕುದುರೆ ಎಲ್ಲಕ್ಕೂ ಕೆಲಸ ಇದೆ. ಒಂದು ಮಧ್ಯಾಹ್ನದಲ್ಲಿ ಆಡಿ ಮುಗಿಸಬಹುದು.

ಮೊದಲ ಆಟ ಅರ್ಧಕ್ಕೇ ನಿಂತಿತು. ಫ್ರೆಂಚ್ ಕಡೆಯವನಿಗೂ ಸಿಟ್ಟು, ಬ್ರಿಟಿಷ್ ಕಡೆಯವನಿಗೂ ಸಿಟ್ಟು. ಅದೇ ವಿಚಿತ್ರ. ಟೇಬಲ್ ಒಂದು ಕಡೆಗೆ ವಾಲಿದ್ದರೆ ಒಬ್ಬನಾದರೂ ಖುಷಿಯಾಗಿರಬೇಕಿತ್ತು. ಮುಂದಿನ ಆಟಕ್ಕೆ ನನ್ನನ್ನು ಅಂಪೈರ್ ಆಗಿ ಕರೆದರು. ನಿಯಮ ಸರಿ ಇಲ್ಲ, ಬೇರೆ ನಿಯಮ ಪುಸ್ತಕ ಹೇಳಿ ಎಂದು ಕೇಳಿದರು. ಮೊದಲ ಟೇಬಲ್ಲಿನ ಫೋಟೋ ತೋರಿಸಿ ಅಂದೆ.

ಫೋಟೋದಲ್ಲಿ ನೋಡಿದ್ದು ಇಷ್ಟು. ಫ್ರೆಂಚರ ಕಡೆಯಿಂದ ನೋಡಿದರೆ ಎಡ ಅಂಚಿನಲ್ಲಿ ಒಂದು ಕಡಿದಾದ ಗುಡ್ಡ, ನಾಲ್ಕು ಸೆಂ.ಮೀ. ಎತ್ತರ. ಅದರ ತಲೆ ಮೇಲೆ ಬ್ರಿಟಿಷ್ ಫಿರಂಗಿಗಳು. ಅದರ ಪಕ್ಕದಿಂದ ಟೇಬಲ್ ಮಧ್ಯದವರೆಗೆ ನೆಲ ಹೆಚ್ಚುಕಡಿಮೆ ಸಪಾಟು. ಮಧ್ಯದಲ್ಲಿ ಲಾ ಹೇ ಸೇಂಟ್ ತೋಟದ ಮನೆ. ಅದು ಗೊಂಬೆಗಳ ಅಳತೆಗೆ ಸರಿಯಾಗಿ ಮಾಡಿದ ಚಂದದ ಮಾದರಿ, ಅರ್ಧ ಮೀಟರ್ ಉದ್ದ. ಉಳಿದ ಜಾಗದಲ್ಲೆಲ್ಲ ಮರಗಳು. ಅವರ ಹತ್ತಿರ ಮರಗಳು ಜಾಸ್ತಿ ಇದ್ದವು, ಇಟ್ಟಿದ್ದರು, ಅಷ್ಟೇ.

ಗುಡ್ಡ ಎಲ್ಲಿಂದ ಬಂತು ಎಂದು ಕೇಳಿದೆ. "ನಕ್ಷೆಯಲ್ಲೇ ಇದೆಯಲ್ಲ ಸಾರ್, ಎತ್ತರದ ರೇಖೆ ನೋಡಿಯೇ ಕತ್ತರಿಸಿದ್ದು" ಎಂದು ಗುಂಪಿನ ಕಿರಿಯವ ಫೋನ್ ಮುಂದೆ ಹಿಡಿದ. ಇತ್ತು, ನಿಜ. ಈಗಿನ ನಕ್ಷೆಯಲ್ಲಿ ಅಲ್ಲಿ ಒಂದರೊಳಗೊಂದು ಒತ್ತಾದ ಉಂಗುರಗಳು. ಅಚ್ಚುಕಟ್ಟಾದ ಶಂಕುವಿನಾಕಾರದ ಗುಡ್ಡ.

ಅದು ಸಿಂಹದ ಗುಡ್ಡ. ಯುದ್ಧ ಮುಗಿದ ಮೇಲೆ ಕಟ್ಟಿದ ಸ್ಮಾರಕ. ನೆದರ್‌ಲೆಂಡ್ಸ್‌ನ ರಾಜ ಒಂದನೇ ವಿಲಿಯಂ ತನ್ನ ಮಗ ಗಾಯಗೊಂಡ ಜಾಗ ಎಂದು ಅಲ್ಲಿ ಕಟ್ಟಿಸಿದ. ಕೆಲಸ 1820ರಲ್ಲಿ ಶುರುವಾಗಿ 1826ರಲ್ಲಿ ಮುಗಿಯಿತು. ಎತ್ತರ 40 ಮೀಟರ್‌ಗೂ ಸ್ವಲ್ಪ ಜಾಸ್ತಿ. ಹತ್ತಲು 226 ಮೆಟ್ಟಿಲು. 1815ರ ಮಧ್ಯಾಹ್ನ ಅಲ್ಲಿ ಯಾರೂ ಫಿರಂಗಿ ಹತ್ತಿಸುವ ಹಾಗಿರಲಿಲ್ಲ. ಗುಡ್ಡವೇ ಇರಲಿಲ್ಲ.

ಗುಡ್ಡ ಒಂದನ್ನು ಎತ್ತಿಟ್ಟರೆ ಆಯಿತು ಎಂದು ಅವರಿಗೆ ಅನಿಸಿತು. ನನಗೆ ಅದಕ್ಕಿಂತ ಅದರ ಪಕ್ಕದ ಸಪಾಟು ನೆಲವೇ ದೊಡ್ಡ ತೊಂದರೆ ಅನಿಸಿತು. ಅಷ್ಟು ದೊಡ್ಡ ಗುಡ್ಡಕ್ಕೆ ಮಣ್ಣು ಎಲ್ಲಿಂದಲೋ ಬರಬೇಕಲ್ವಾ? ವೆಲಿಂಗ್ಟನ್ ನಿಂತಿದ್ದ ದಿಣ್ಣೆಯಿಂದಲೇ ಅಗೆದು ತಂದರು. ಮೂರು ಲಕ್ಷ ಘನ ಮೀಟರ್ ಆಸುಪಾಸು ಮಣ್ಣು. ಲಾ ಹೇ ಸೇಂಟ್ ಹಿಂದೆ, ನಾಲ್ಕು ದಾರಿ ಸೇರುವ ಜಾಗದ ಪಕ್ಕ, ದಿಣ್ಣೆಯ ನೆತ್ತಿಯೇ ಕರಗಿ ಹೋಯಿತು. ನೆತ್ತಿಯ ಉದ್ದಕ್ಕಿದ್ದ ತಗ್ಗಿನ ದಾರಿಯ ಬದುಗಳೂ ಹೋದವು. ಅಂದರೆ ಈಗಿನ ನಕ್ಷೆಯನ್ನು ನಂಬಿದವನ ಟೇಬಲ್ಲಿನಲ್ಲಿ ಎರಡು ಸುಳ್ಳು ಒಟ್ಟಿಗೆ ಕೂರುತ್ತವೆ. ಇಲ್ಲದ ಗುಡ್ಡ ಬರುತ್ತದೆ, ಇದ್ದ ದಿಣ್ಣೆ ಹೋಗುತ್ತದೆ.

ಇಬ್ಬರಿಗೂ ಸಿಟ್ಟು ಬಂದದ್ದು ಇದರಿಂದಲೇ. ಗುಡ್ಡದ ಮೇಲಿನ ಫಿರಂಗಿಗಳು ಫ್ರೆಂಚರ ಎಡ ಡಿವಿಜನ್ ಅನ್ನು ಕಣಿವೆಗೆ ಇಳಿಯುವ ಮೊದಲೇ ಮುಗಿಸಿದವು. ಅದೇ ಹೊತ್ತಿಗೆ ಫ್ರೆಂಚ್ ಫಿರಂಗಿಗಳಿಗೆ ತೋಟದ ಮನೆಯ ಹಿಂದಿದ್ದ ಬ್ರಿಟಿಷ್ ಕಾಲಾಳುಗಳು ಪೂರ್ತಿ ಕಾಣುತ್ತಿದ್ದರು, ಮರೆಯೇ ಇಲ್ಲ. ನಿಯಮ ಪುಸ್ತಕ ಬದಲಾಯಿಸಿದ್ದರೂ ಇದೇ ಆಗುತ್ತಿತ್ತು.

ಯಾವ ನಕ್ಷೆ

ಈ ನೆಲಕ್ಕೆ ನಕ್ಷೆಗಳಿಗೇನೂ ಬರ ಇಲ್ಲ. ನಾವು ಮುಂದಿಟ್ಟುಕೊಂಡದ್ದು ಮೂರು.

ಒಂದು, ಫೆರಾರಿಸ್ ನಕ್ಷೆ. ಆಗ ಆಸ್ಟ್ರಿಯದ ಕೈಯಲ್ಲಿದ್ದ ಆ ಪ್ರದೇಶವನ್ನು 1770ರ ದಶಕದಲ್ಲಿ ಅಳೆದು ಬರೆದದ್ದು. ಅಳತೆ 1:11,520. ಕೈಯಲ್ಲಿ ಬಣ್ಣ ಹಚ್ಚಿದ ನಕ್ಷೆ, ನೋಡಲು ಬಲು ಚಂದ. ಮನೆ, ದಾರಿ, ಕಾಡು, ಬೇಲಿ ಚೆನ್ನಾಗಿ ಗೊತ್ತಾಗುತ್ತವೆ. ಏರುತಗ್ಗು ಮಾತ್ರ ಬರೀ ನೆರಳಿನಲ್ಲಿ. ಎಷ್ಟು ಎತ್ತರ ಎಂದು ಅದರಿಂದ ಲೆಕ್ಕ ಹಾಕಲು ಆಗುವುದಿಲ್ಲ.

ಎರಡು, ಕ್ರಾನ್ ಎಂಬ ಸರ್ವೇ ಅಧಿಕಾರಿ 1816ರಲ್ಲಿ ಪ್ರಕಟಿಸಿದ ನಕ್ಷೆ. ಯುದ್ಧ ಆಗಿ ಒಂದೇ ವರ್ಷ. ಗುಡ್ಡಕ್ಕೆ ಇನ್ನೂ ಗುದ್ದಲಿ ಬಿದ್ದಿರಲಿಲ್ಲ. ಇಳಿಜಾರನ್ನು ಸಣ್ಣ ಸಣ್ಣ ಗೀರುಗಳಲ್ಲಿ ತೋರಿಸಿದ್ದಾನೆ. ಗೀರು ಒತ್ತಾಗಿದ್ದರೆ ಕಡಿದು, ಬಿಡಿಯಾಗಿದ್ದರೆ ನಿಧಾನದ ಇಳಿಜಾರು. ನಮಗೆ ಮುಖ್ಯವಾಗಿ ಬೇಕಿದ್ದದ್ದು ಇದೇ.

ಮೂರು, ಅದೇ ಈಗಿನ ನಕ್ಷೆ. ಅದನ್ನು ಬಿಸಾಡಬೇಕಾಗಿಲ್ಲ. ಶಾರ್ಲರುವಾದಿಂದ ಬ್ರಸೆಲ್ಸ್‌ಗೆ ಹೋಗುವ ಹೆದ್ದಾರಿಯಿಂದ ಪೂರ್ವಕ್ಕೆ ಹೋದಷ್ಟೂ ನೆಲ ಜಾಸ್ತಿ ಬದಲಾಗಿಲ್ಲ. ಅಲ್ಲಿನ ಎತ್ತರದ ರೇಖೆಗಳನ್ನು ಹಾಗೇ ತಗೊಂಡೆವು. ಮಣ್ಣು ಅಗೆದ ಕಡೆ ಮಾತ್ರ ಆ ರೇಖೆಗಳನ್ನು ಕ್ರಾನ್‌ನ ಗೀರುಗಳ ಜಾಡಿನಲ್ಲಿ ಮುಂದಕ್ಕೆ ಎಳೆದೆವು. ತಾಳೆ ನೋಡಲು ಒಂದು ಗುರುತೂ ಸಿಕ್ಕಿತು. ವೆಲಿಂಗ್ಟನ್‌ನ ಸಹಾಯಕ ಅಧಿಕಾರಿ ಗಾರ್ಡನ್ ಹೆಸರಿನ ಸ್ಮಾರಕವನ್ನು 1817ರಲ್ಲೇ ನಿಲ್ಲಿಸಿದ್ದರು. ಸುತ್ತಲಿನ ಮಣ್ಣು ತೆಗೆದಾಗ ಅದರ ಅಡಿಯ ನೆಲವನ್ನು ಮುಟ್ಟಲಿಲ್ಲ. ಅದಕ್ಕೇ ಅದು ಈಗ ದಿಬ್ಬದ ಮೇಲೆ ನಿಂತಿದೆ, ಮೆಟ್ಟಿಲು ಹತ್ತಿ ಹೋಗಬೇಕು. ಹಳೆಯ ನೆಲ ಎಷ್ಟು ಎತ್ತರವಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಇನ್ನೊಂದು ಹಳೆಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ಟೇಬಲ್ ಮೇಲೆ ನೆಲ ಜೋಡಿಸಬೇಕೋ, ನಕ್ಷೆ ಹಾಸಿದರೆ ಸಾಕೋ ಎಂಬ ಜಗಳ ಇನ್ನೂರು ವರ್ಷ ಹಳೆಯದು. ಪ್ರಶ್ಯದ ರೈಸ್‌ವಿಟ್ಸ್ 1812ರಲ್ಲಿ ರಾಜನಿಗೆ ಒಪ್ಪಿಸಿದ ಯುದ್ಧದಾಟದಲ್ಲಿ ಬೆಟ್ಟ, ಹೊಳೆ, ದಾರಿಗಳ ಬಿಲ್ಲೆಗಳನ್ನು ಜೋಡಿಸಿ ನೆಲ ಕಟ್ಟುತ್ತಿದ್ದರು. ಅವನ ಮಗ 1824ರಲ್ಲಿ ಅದನ್ನೆಲ್ಲ ಬಿಟ್ಟು 1:8000 ಅಳತೆಯ ನಕ್ಷೆ ಹಾಸಿದ. ಆ ಆಟವನ್ನು ಮೆಚ್ಚಿ ಸೇನೆಗೆ ಹಬ್ಬಿಸಿದ ದಂಡನಾಯಕ ಮ್ಯುಫ್ಲಿಂಗ್. ಇದೇ ಮ್ಯುಫ್ಲಿಂಗ್ ವಾಟರ್ಲೂ ದಿನ ಪ್ರಶ್ಯದ ಪರವಾಗಿ ವೆಲಿಂಗ್ಟನ್ ಜೊತೆಗಿದ್ದವನು. ನಾವು ಕತ್ತರಿಸಲು ಹೊರಟ ದಿಣ್ಣೆ ಅವನು ಕಣ್ಣಾರೆ ಕಂಡದ್ದು.

ಎಷ್ಟು ನೆಲ, ಎಲ್ಲಿಂದ ಎಲ್ಲಿಗೆ

ಟೇಬಲ್ ಸುಮಾರು 180 ಸೆಂ.ಮೀ. ಉದ್ದ, 120 ಸೆಂ.ಮೀ. ಅಗಲ. ಒಂದು ಸೆಂ.ಮೀ.ಗೆ ಹತ್ತು ಮೀಟರ್ ಎಂದು ಹಿಡಿದೆವು. 1800 ಮೀಟರ್ ಉದ್ದ, 1200 ಮೀಟರ್ ಆಳದ ನೆಲ ಸಿಕ್ಕಿತು. ಬಂದೂಕಿನ ಗುಂಡು ಲೆಕ್ಕಕ್ಕೆ ಬರುವ ನೂರು ಮೀಟರ್ ಅಂದರೆ ಟೇಬಲ್ ಮೇಲೆ ಹತ್ತು ಸೆಂ.ಮೀ. ಲೆಕ್ಕ ಸುಲಭ.

ಉದ್ದದಲ್ಲಿ ಹೆದ್ದಾರಿಯ ಪಶ್ಚಿಮಕ್ಕೆ 500 ಮೀಟರ್, ಪೂರ್ವಕ್ಕೆ 1300 ಮೀಟರ್ ಇಟ್ಟುಕೊಂಡೆವು. ಹೀಗೆ ಮಾಡಿದರೆ ಪೂರ್ವದ ತುದಿಯ ಪಾಪೆಲೊಟ್ ತೋಟದ ಮನೆ ಟೇಬಲ್‌ನಿಂದ ಹೊರಗೆ ಬೀಳುತ್ತದೆ. ಡೆರ್ಲೋನ್‌ನ ನಾಲ್ಕು ಡಿವಿಜನ್‌ಗಳಲ್ಲಿ ಬಲತುದಿಯ ಡ್ಯುರುತ್‌ನ ಡಿವಿಜನ್ ಆ ಕಡೆ ಹೋದದ್ದು. ಅದನ್ನು ಬಿಟ್ಟೆವು. ಫ್ರೆಂಚ್ ಆಟಗಾರ ಗೊಣಗಿದ. ಆದರೆ ಪಾಪೆಲೊಟ್ ಸೇರಿಸಬೇಕಾದರೆ ಅಳತೆ ಕುಗ್ಗಿಸಬೇಕು. ಅಳತೆ ಕುಗ್ಗಿಸಿದರೆ ಮಧ್ಯದ ದಿಣ್ಣೆಯ ಹಿಂದೆ ಏನೂ ಹಿಡಿಸುವುದಿಲ್ಲ. ಯಾವುದು ಬಿಡಬೇಕು ಎಂದು ಮೊದಲೇ ತೀರ್ಮಾನಿಸದ ಟೇಬಲ್‌ನಲ್ಲಿ ಎಲ್ಲವೂ ಇರುತ್ತದೆ, ಯಾವುದಕ್ಕೂ ಜಾಗ ಇರುವುದಿಲ್ಲ.

ಆಳದ ಲೆಕ್ಕದ ಮೇಲೆ ಜಾಸ್ತಿ ಹೊತ್ತು ಕಳೆದೆವು. ಅದಕ್ಕೆ ಕಾರಣ ಇದೆ. ಹೆಚ್ಚಿನವರು ರಕ್ಷಣೆ ಮಾಡುವವರ ದಿಣ್ಣೆಯನ್ನು ಟೇಬಲ್ ಅಂಚಿಗೆ ತಂದಿಡುತ್ತಾರೆ. ನೋಡಲು ಸರಿ ಅನಿಸುತ್ತದೆ, ಬ್ರಿಟಿಷರು ಹಿಂದೆ, ಫ್ರೆಂಚರು ಮುಂದೆ, ನಡುವೆ ಜಾಗ. ಆದರೆ ಈ ದಿಣ್ಣೆಯ ಉಪಯೋಗ ಇದ್ದದ್ದೇ ಅದರ ಬೆನ್ನಿನಲ್ಲಿ. ವೆಲಿಂಗ್ಟನ್ ಕಾಲಾಳುಗಳನ್ನು ನೆತ್ತಿಯ ಹಿಂದೆ ಇಟ್ಟ, ಕೆಲವರನ್ನು ಮಲಗಿಸಿಯೂ ಇಟ್ಟ. ಅವರ ಹಿಂದೆ ಭಾರಿ ಕುದುರೆ ದಳ. ಡೆರ್ಲೋನ್‌ನ ದಾಳಿ ಮುರಿದದ್ದು ಆ ಕುದುರೆಗಳು ನೆತ್ತಿ ದಾಟಿ ಇಳಿದಾಗ. ನೆತ್ತಿಯ ಹಿಂದೆ ಹತ್ತು ಸೆಂ.ಮೀ. ಇಟ್ಟರೆ ಕುದುರೆಗಳನ್ನು ಎಲ್ಲಿ ನಿಲ್ಲಿಸುವುದು? ನಾವು ನೆತ್ತಿಯನ್ನು ಬ್ರಿಟಿಷ್ ಅಂಚಿನಿಂದ 35 ಸೆಂ.ಮೀ. ಮುಂದೆ ತಂದೆವು. ಫ್ರೆಂಚರ ದೊಡ್ಡ ಫಿರಂಗಿ ಸಾಲು ಅಲ್ಲಿಂದ 60 ಸೆಂ.ಮೀ. ದೂರದಲ್ಲಿ, ನಡುವಿನ ಸಣ್ಣ ಏರಿನ ಮೇಲೆ. ನೆಪೋಲಿಯನ್ ಹೆಸರಿನ ಜೊತೆಗೇ ಬರುವ ಲಾ ಬೆಲ್ ಅಲಯನ್ಸ್ ಎಂಬ ದಾರಿಬದಿಯ ವಸತಿಗೃಹ ಟೇಬಲ್‌ನಲ್ಲೇ ಇಲ್ಲ. ಅದು ನಾಲ್ಕು ದಾರಿ ಸೇರುವ ಜಾಗದಿಂದ ಒಂದು ಕಿಲೋಮೀಟರ್‌ಗೂ ಆಚೆ.

ದಿಣ್ಣೆ ಎಷ್ಟು ಎತ್ತರ

ಇಲ್ಲಿ ನಿಜವಾದ ವಾದ ಆಯಿತು. ನಕ್ಷೆಯ ಪ್ರಕಾರ ಕಣಿವೆಯ ತಳದಿಂದ ನೆತ್ತಿಗೆ 15 ಮೀಟರ್ ಆಸುಪಾಸು. ನಮ್ಮ ಅಳತೆಯಲ್ಲಿ ಒಂದೂವರೆ ಸೆಂ.ಮೀ. ಅಂದರೆ ಒಂದು ಗೊಂಬೆಯ ಎತ್ತರ! "ಇದು ದಿಣ್ಣೆಯೇನೋ, ಬಟ್ಟೆ ಮಡಿಕೆ ಬಿದ್ದ ಹಾಗಿದೆ" ಎಂದು ಬ್ರಿಟಿಷ್ ಆಟಗಾರ ನಕ್ಕ. ಅವನಿಗೆ ಆರು ಸೆಂ.ಮೀ. ಬೇಕಿತ್ತು.

ಆರು ಸೆಂ.ಮೀ. ಮಾಡಿಯೇ ನೋಡಿದೆವು. ಗಟ್ಟಿ ಫೋಮ್ ಶೀಟ್ ಒಂದರ ಮೇಲೊಂದು ಪೇರಿಸಿ, ಮೇಲೆ ಹಸಿರು ಹತ್ತಿ ಬಟ್ಟೆ ಹೊದಿಸಿದೆವು. ಇಳಿಜಾರಿಗೆ ಇರುವ ಜಾಗ 40 ಸೆಂ.ಮೀ. ಅದರಲ್ಲಿ ಆರು ಸೆಂ.ಮೀ. ಏರಬೇಕು. ಲೋಹದ ಗೊಂಬೆಗಳನ್ನು ಸಾಲಾಗಿ ಅಂಟಿಸಿದ ಬೇಸ್ (ಅಡಿಯ ಬಿಲ್ಲೆ) ಇಟ್ಟು ಕೈ ಬಿಟ್ಟ ಕೂಡಲೇ ಮುಂದಿನ ಸಾಲು ನಿಧಾನಕ್ಕೆ ಜಾರಿತು. ಹಿಂದಿನದು ಅದಕ್ಕೆ ತಾಗಿತು. ಬಯೋನೆಟ್‌ಗಳು ಒಂದಕ್ಕೊಂದು ಸಿಕ್ಕಿಕೊಂಡು ಇಡೀ ಬೆಟಾಲಿಯನ್ ಕೆಳಗೆ ಬಂತು. ಬಣ್ಣ ಬಳಿದವನ ಮುಖ ನೋಡಲಾಗುತ್ತಿರಲಿಲ್ಲ.

ಕೊನೆಗೆ ಮೂರು ಸೆಂ.ಮೀ. ಅಂದರೆ ನಿಜದ ಎರಡರಷ್ಟು. ಒಂದು ಸೆಂ.ಮೀ. ದಪ್ಪದ ಶೀಟ್ ಮೂರು ಪದರ. ಪ್ರತಿ ಪದರದ ಅಂಚನ್ನು ಮೆಟ್ಟಿಲಾಗಿ ಬಿಡದೆ ಉದ್ದಕ್ಕೆ ಓರೆಯಾಗಿ ಕೆತ್ತಿದೆವು. ಬಟ್ಟೆಯ ಮೇಲೆ ಸ್ವಲ್ಪ ನೀರು ಚಿಮುಕಿಸಿ ಕೈಯಲ್ಲಿ ಸವರಿದರೆ ಅದು ಫೋಮ್‌ಗೆ ಅಂಟಿದಂತೆ ಕೂರುತ್ತದೆ. ಮೇಜಿನ ದೀಪವನ್ನು ಒಂದು ಪಕ್ಕಕ್ಕೆ ಸರಿಸಿದಾಗ ನೆತ್ತಿಯ ನೆರಳು ಹಿಂದೆ ಬಿದ್ದು ದಿಣ್ಣೆ ಎದ್ದು ಕಂಡಿತು. ಆರು ಸೆಂ.ಮೀ. ಕೇಳಿದವನೂ ಸುಮ್ಮನಾದ.

ಇದರ ಜೊತೆಗೆ ಬಂದ ಇನ್ನೊಂದು ಸಮಸ್ಯೆ, ನೋಟ. ಅವರಿಗೆ ಟೇಬಲ್‌ಗೆ ಕಣ್ಣು ತಾಗಿಸಿ ಗೊಂಬೆಯ ಹಿಂದಿನಿಂದ ನೋಡಿ "ಕಾಣ್ತದೆ, ಹೊಡೀತೀನಿ" ಅನ್ನುವ ಅಭ್ಯಾಸ. ಹತ್ತಿಪ್ಪತ್ತು ಜನರ ಸಣ್ಣ ಕಾದಾಟದ ಆಟದಲ್ಲಿ ಅದು ಸರಿ. ಅಲ್ಲಿ ನೆಲಕ್ಕೂ ಗೊಂಬೆಗೂ ಒಂದೇ ಅಳತೆ. ಇಲ್ಲಿ ನೆಲ 1:1000, ಗೊಂಬೆ ಹೆಚ್ಚುಕಡಿಮೆ 1:100. ಟೇಬಲ್‌ಗೆ ಕಣ್ಣಿಟ್ಟರೆ 15 ಮೀಟರ್ ಎತ್ತರದ ಸೈನಿಕನೊಬ್ಬ ದಿಣ್ಣೆಯ ಮೇಲಿಂದ ಇಣುಕುತ್ತಾನೆ. ಹಾಗಾಗಿ ನೋಟವನ್ನು ಕಣ್ಣಿನಿಂದ ಕಿತ್ತು ನಿಯಮಕ್ಕೆ ಕೊಟ್ಟೆವು. ನೆತ್ತಿಯ ಗೆರೆ ಟೇಬಲ್ ಮೇಲೆ ಸ್ಪಷ್ಟವಾಗಿರಬೇಕು. ಗೆರೆಯ ಹಿಂದಿರುವವರು ಗೆರೆಯ ಮೇಲೆ ನಿಂತವರಿಗೆ ಮಾತ್ರ ಕಾಣುತ್ತಾರೆ. ಅಷ್ಟೇ. ಬಗ್ಗಿ ನೋಡುವಂತಿಲ್ಲ.

ಎರಡು ಅಳತೆ ಬೆರೆಸುವುದು ಮೋಸ ಎಂದು ಒಬ್ಬ ಹೇಳಿದ. ಇದಕ್ಕೆ ಉತ್ತರ ಲಂಡನ್‌ನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ. ಸೈಬೋರ್ನ್ ಎಂಬ ಬ್ರಿಟಿಷ್ ಅಧಿಕಾರಿ 1830ರಲ್ಲಿ ಲಾ ಹೇ ಸೇಂಟ್‌ನಲ್ಲೇ ತಿಂಗಳುಗಟ್ಟಲೆ ಉಳಿದು ನೆಲ ಅಳೆದ. 1838ರಲ್ಲಿ ವಾಟರ್ಲೂ ಮಾದರಿಯನ್ನು ಪ್ರದರ್ಶನಕ್ಕಿಟ್ಟ. ಅದರಲ್ಲಿ 70,000ಕ್ಕೂ ಹೆಚ್ಚು ತವರದ ಸೈನಿಕರು. ನೆಲದ ಅಳತೆ 1:600ರ ಹತ್ತಿರ. ಆ ಲೆಕ್ಕಕ್ಕೆ ಮನುಷ್ಯ ಮೂರು ಮಿ.ಮೀ. ಇರಬೇಕು. ಅವನ ಸೈನಿಕರು ಹತ್ತು ಮಿ.ಮೀ. ಆಸುಪಾಸು. ತಿಂಗಳುಗಟ್ಟಲೆ ಅಳೆದವನೇ ಗೊಂಬೆ ದೊಡ್ಡದು ಮಾಡಿದ್ದಾನೆ, ಇಲ್ಲದಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಅವನು ಹೋಗುವ ಹೊತ್ತಿಗೆ ಸಿಂಹದ ಗುಡ್ಡ ಎದ್ದು ನಾಲ್ಕು ವರ್ಷ ಆಗಿತ್ತು. ಅಗೆದ ನೆಲದ ಹಳೆಯ ರೂಪವನ್ನು ಅವನೂ ನಮ್ಮ ಹಾಗೆ ಊಹಿಸಿಯೇ ತುಂಬಬೇಕಿತ್ತು.

ತೋಟದ ಮನೆ

ಲಾ ಹೇ ಸೇಂಟ್ ಅಂದರೆ ಅಂಗಳ, ಸುತ್ತ ಮನೆ, ಕೊಟ್ಟಿಗೆ, ಗೋಡೆ. ಎಲ್ಲ ಸೇರಿ ನೂರು ಮೀಟರ್ ಒಳಗೇ ಮುಗಿಯುತ್ತದೆ. ಅವರು ಇಟ್ಟಿದ್ದ ಅರ್ಧ ಮೀಟರ್ ಮಾದರಿ ನೆಲದ ಅಳತೆಯಲ್ಲಿ 500 ಮೀಟರ್ ಆಯಿತು. ಒಂದು ಸಣ್ಣ ಊರೇ ಬಂದು ಕೂತಂತೆ. ಎಡಗಡೆಯ ಫ್ರೆಂಚ್ ಡಿವಿಜನ್‌ಗೆ ಸುತ್ತಿ ಹೋಗಲು ದಾರಿಯೇ ಇರಲಿಲ್ಲ. ನಿಜದಲ್ಲಿ ಆ ಮನೆ ದಾಳಿಯನ್ನು ತಡೆಯಲಿಲ್ಲ, ಸೀಳಿತು. ಫ್ರೆಂಚರ ಒಂದು ಭಾಗ ಅದಕ್ಕೆ ಮುತ್ತಿಗೆ ಹಾಕಿ ನಿಂತಿತು, ಉಳಿದವರು ಪಕ್ಕದಿಂದ ಮೇಲೆ ಹೋದರು. ಟೇಬಲ್ ಮೇಲೆ ಆ ಸೀಳು ಆಗಬೇಕು.

ಮಾದರಿ ಮಾಡಿದವನಿಗೆ ಅದನ್ನು ಬಿಡಲು ಮನಸ್ಸಿಲ್ಲ. ಸಹಜ. ಕಿಟಕಿ ಬಾಗಿಲು ಒಂದೊಂದೂ ಕೈಯಲ್ಲಿ ಕೊರೆದದ್ದು. ಅದನ್ನು ಪಕ್ಕದ ಮೇಜಿನ ಮೇಲಿಟ್ಟು, ಮನೆಯೊಳಗಿನ ಕಾದಾಟ ಬಂದಾಗ ಅಲ್ಲೇ ಗೊಂಬೆ ಇಟ್ಟು ಆಡೋಣ ಎಂದು ಒಪ್ಪಿಸಿದೆವು. ದೊಡ್ಡ ಟೇಬಲ್‌ಗೆ 10 ಸೆಂ.ಮೀ. × 8 ಸೆಂ.ಮೀ. ರಟ್ಟು. ಅದರ ಮೇಲೆ 10 ಮಿ.ಮೀ. ಗೊಂಬೆಗಳಿಗೆಂದು ಮಾಡುವ ಎರಡು ಮನೆ, ಒಂದು ಗೋಡೆ. 15 ಮಿ.ಮೀ. ಸೈನಿಕ ಪಕ್ಕದಲ್ಲಿ ನಿಂತರೆ ಬಾಗಿಲು ಅವನ ಎದೆಗೆ ಬರುತ್ತದೆ. ಎರಡು ಅಡಿ ದೂರದಿಂದ ನೋಡುವವನಿಗೆ ಗೊತ್ತೇ ಆಗುವುದಿಲ್ಲ. ರಟ್ಟಿನ ಗಡಿಯೇ ಮನೆಯ ಗಡಿ. ಮನೆಗಳನ್ನು ಎತ್ತಿ ತೆಗೆಯಬಹುದು, ಒಳಗೆ ಬೇಸ್ ಇಡಬಹುದು. ಹಿಡಿಸುವುದು ಒಂದೇ ಬೆಟಾಲಿಯನ್. ಅಲ್ಲಿ ಮೇಜರ್ ಬೇರಿಂಗ್ ಜೊತೆ ಇದ್ದದ್ದು ಬ್ರಿಟಿಷ್ ಸೇನೆಯ ಜರ್ಮನ್ ಪಡೆ ಕಿಂಗ್ಸ್ ಜರ್ಮನ್ ಲೀಜನ್‌ನ 400 ಚಿಲ್ಲರೆ ಜನ. ಮನೆಯ ದಕ್ಷಿಣಕ್ಕೆ ಹಣ್ಣಿನ ತೋಟ, ಉತ್ತರಕ್ಕೆ ಕೈತೋಟ, ಎರಡೂ ಫೆಲ್ಟ್ ಬಟ್ಟೆಯ ತುಂಡು. ಹೆದ್ದಾರಿಯ ಆಚೆ ಬದಿ ಮರಳು ಗುಂಡಿ. ಬ್ರಿಟಿಷರ 95ನೇ ರೈಫಲ್ಸ್‌ನವರು ಅಲ್ಲಿದ್ದರು, ಅದನ್ನು ಮಾತ್ರ ಬಿಡಬಾರದು.

ಸೇನೆಗೂ ಆಳ ಇದೆ

ನೆಲ ಆರಿಸುವಾಗ ಹೆಚ್ಚಿನವರು ಅಗಲ ಮಾತ್ರ ನೋಡುತ್ತಾರೆ. ಡೆರ್ಲೋನ್‌ನ ದಾಳಿಯಲ್ಲಿ ಅದು ಸಾಲದು. ಅವನ ಡಿವಿಜನ್‌ಗಳಲ್ಲಿ ಬೆಟಾಲಿಯನ್‌ಗಳು ಒಂದರ ಹಿಂದೆ ಒಂದು, ಪ್ರತಿಯೊಂದೂ ಮೂರು ಸಾಲಿನಲ್ಲಿ ಅಗಲಕ್ಕೆ ಹರಡಿ ನಡೆದವು. ಮಾರ್ಕೊನ್ಯೆ ಡಿವಿಜನ್‌ನಲ್ಲಿ ಎಂಟು ಬೆಟಾಲಿಯನ್. 500 ಜನ ಮೂರು ಸಾಲಲ್ಲಿ ನಿಂತರೆ ಅಗಲ ನೂರು ಮೀಟರ್ ಚಿಲ್ಲರೆ. ನಾಲ್ಕು ಸೆಂ.ಮೀ. ಅಗಲದ ಮೂರು ಬೇಸ್ ಪಕ್ಕ ಪಕ್ಕ ಇಟ್ಟರೆ 12 ಸೆಂ.ಮೀ. ಅಗಲ ಸರಿಹೋಯಿತು.

ಆಳ ನೋಡಿ. ಮೂರು ಸಾಲಿನ ಬೆಟಾಲಿಯನ್ ನಿಜದಲ್ಲಿ ಎರಡು ಮೂರು ಮೀಟರ್ ದಪ್ಪ. ಕೆಲವೇ ಹೆಜ್ಜೆ ಬಿಟ್ಟು ಮುಂದಿನದು. ಎಂಟೂ ಸೇರಿ 60-70 ಮೀಟರ್ ಇರಬಹುದು. ನಮ್ಮ ಬೇಸ್ ಮೂರು ಸೆಂ.ಮೀ. ದಪ್ಪ, ಅಂದರೆ 30 ಮೀಟರ್. ಎಂಟು ಇಟ್ಟರೆ 24 ಸೆಂ.ಮೀ. 240 ಮೀಟರ್! ತಲೆ ದಿಣ್ಣೆಯ ನೆತ್ತಿಗೆ ತಾಗಿದಾಗ ಬಾಲ ಇನ್ನೂ ಕಣಿವೆಯಲ್ಲಿ. ಇಂಥ ಮೂರು ಡಿವಿಜನ್ ಇಟ್ಟರೆ ಕಣಿವೆ ಪೂರ್ತಿ ಗೊಂಬೆ, ನೆಲವೇ ಕಾಣದು.

ಅದಕ್ಕೆ ಮುಂದಿನ ಎರಡು ಬೆಟಾಲಿಯನ್‌ಗೆ ಮಾತ್ರ ಪೂರ್ತಿ ಬೇಸ್ ಕೊಟ್ಟೆವು. ಹಿಂದಿನವು ಡಿವಿಜನ್‌ನ ಪಕ್ಕ ಒಂದು ಸಣ್ಣ ಗುರುತಿನ ಮೇಲೆ ಅಂಕಿಯಾಗಿ ಉಳಿದವು. ಮುಂದಿನದು ಮುರಿದರೆ ಹಿಂದಿನದು ಅದರ ಜಾಗಕ್ಕೆ ಬರುತ್ತದೆ. ಗೊಂಬೆ ಕಡಿಮೆ ಕಂಡವು ಎಂದು ಬೇಸರ ಆಯಿತು, ಸುಳ್ಳು ಹೇಳುವುದಿಲ್ಲ. ನೆಲಕ್ಕೆ ಮಾತ್ರ ಉಸಿರಾಡಲು ಜಾಗ ಸಿಕ್ಕಿತು.

ಬೇಲಿ, ದಾರಿ, ಬೆಳೆ

ನೆತ್ತಿಯ ಉದ್ದಕ್ಕೆ ಒಹೇನ್ ದಾರಿ. ಅದರ ಬದಿಗೆ ಮುಳ್ಳುಬೇಲಿ. ಕೆಲವು ಕಡೆ ದಾರಿ ತಗ್ಗಿನಲ್ಲಿ. ಬ್ರಿಟಿಷ್ ಕಾಲಾಳುಗಳ ಗುಂಡು ಬಿದ್ದದ್ದು ಈ ಬೇಲಿಯ ಹತ್ತಿರ, ಫ್ರೆಂಚರು ಸಾಲು ಬಿಚ್ಚಲು ತಡವರಿಸಿದ ಹೊತ್ತಿನಲ್ಲಿ. ಬ್ರಿಟಿಷ್ ಜನರಲ್ ಪಿಕ್ಟನ್ ಸತ್ತದ್ದೂ ಅಲ್ಲೇ. ನನ್ನ ಲೆಕ್ಕದಲ್ಲಿ ಇಡೀ ಟೇಬಲ್‌ನ ಅತಿ ಮುಖ್ಯ ತುಂಡು ಮನೆಯಲ್ಲ, ಈ ಬೇಲಿ. ಮೊದಲ ಟೇಬಲ್‌ನಲ್ಲಿ ಅದು ಇರಲೇ ಇಲ್ಲ.

ಬಟ್ಟೆಯಲ್ಲಿ ತಗ್ಗು ತೋಡಲು ಆಗುವುದಿಲ್ಲ. ಕಂದು ಪಟ್ಟಿಯೊಂದನ್ನು ಹಾಸಿ, ಎರಡು ಬದಿಗೆ ತೆಳುವಾದ ಫೋಮ್ ಬದು, ಮೇಲೆ ಬೇಲಿ. ಇದೇ ನೆತ್ತಿಯ ಗೆರೆಯೂ ಆಯಿತು. ನೋಟದ ನಿಯಮಕ್ಕೆ ಬೇರೆ ಗುರುತು ಬೇಕಾಗಲಿಲ್ಲ. ದಾಟಲು ಅರ್ಧ ನಡೆ ಹೋಗುತ್ತದೆ, ದಾಟಿದ ಮೇಲೆ ಸಾಲು ಸರಿಮಾಡಬೇಕು.

ವೆಲಿಂಗ್ಟನ್ ಕಡೆಯ ಬೈಲಾಂಟ್ ಬ್ರಿಗೇಡ್ ಎಲ್ಲಿಡಬೇಕು ಎಂಬ ಪ್ರಶ್ನೆಯೂ ಬಂತು. ಹಳೆಯ ಬರಹಗಳು ಅದನ್ನು ನೆತ್ತಿಯ ಮುಂದೆ, ಫಿರಂಗಿಗೆ ಎದುರಾಗಿ ನಿಲ್ಲಿಸುತ್ತವೆ. ದಾಳಿಗೆ ಮೊದಲೇ ಹಿಂದೆ ಕರೆಸಿದ್ದರು ಎಂದು ಆಮೇಲಿನ ಹಲವರು ಹೇಳುತ್ತಾರೆ. ಬೇಲಿಯ ಹಿಂದೆ ಇಟ್ಟೆ. ಅಂಪೈರ್ ಮಾತು, ಚರ್ಚೆ ಇಲ್ಲ.

ಮರಗಳನ್ನು ಹೆಚ್ಚುಕಡಿಮೆ ಎಲ್ಲ ತೆಗೆದೆವು. ತೋಟದಲ್ಲಿ ಕೆಲವು, ನಾಲ್ಕು ದಾರಿ ಸೇರುವಲ್ಲಿ ಒಂದೇ ಒಂದು ಎಲ್ಮ್ ಮರ. ವೆಲಿಂಗ್ಟನ್ ಬಹಳ ಹೊತ್ತು ಅದರ ಹತ್ತಿರ ನಿಂತಿದ್ದ. ನೆನಪಿಗೆಂದು ಜನ ಅದರ ತೊಗಟೆ, ಟೊಂಗೆ ಕಿತ್ತು ಕಿತ್ತು 1818ರ ಹೊತ್ತಿಗೆ ಕಡಿಯಬೇಕಾಯಿತು. ಅದರ ಮರದಲ್ಲಿ ಒಂದು ಕುರ್ಚಿ ಮಾಡಿ ಇಂಗ್ಲೆಂಡಿನ ದೊರೆಗೆ ಕೊಟ್ಟರು. ಆಟಕ್ಕೆ ಆ ಮರದಿಂದ ಏನೂ ಆಗಬೇಕಾಗಿಲ್ಲ. ಸುಮ್ನೆ ಇಟ್ಟದ್ದು.

ಬೋಳು ಟೇಬಲ್ ನೋಡಿ "ಇದೇನು, ಆಟದ ಮೈದಾನವಾ?" ಎಂದ ಬ್ರಿಟಿಷ್ ಆಟಗಾರ. ಅವನು ಹೇಳಿದ್ದರಲ್ಲಿ ಅರ್ಧ ನ್ಯಾಯ ಇತ್ತು. ಆ ನೆಲ ಬೋಳಾಗಿರಲಿಲ್ಲ. ಜೂನ್ ತಿಂಗಳು, ರೈ ಬೆಳೆ ಆಳೆತ್ತರ ನಿಂತಿತ್ತು. ಇದಕ್ಕೆ ತೆಂಗಿನ ನಾರಿನ ಕಾಲೊರಸು ಕತ್ತರಿಸಿದರೆ ಸಾಕು, ಮಾಗಿದ ಬೆಳೆಯ ಬಣ್ಣವೇ ಅದು. ಆದರೆ ಅದರ ಮೇಲೆ ಬೇಸ್ ನಿಲ್ಲುವುದಿಲ್ಲ, ವಾಲುತ್ತದೆ. ಕಣಿವೆ ಪೂರ್ತಿ ಹಾಸಿದರೆ ಆಟ ಸಾಗದು. ಹಾಗಾಗಿ 12 ಸೆಂ.ಮೀ. ಅಗಲದ ತುಂಡುಗಳಾಗಿ ಕತ್ತರಿಸಿದೆವು. ಒಂದು ಬೆಟಾಲಿಯನ್‌ನ ಅಗಲ. ತುಂಡು ಇರುವ ತನಕ ಅದರೊಳಗಿನ ಬಿಡಿ ಸೈನಿಕರು ದೂರದಿಂದ ಕಾಣುವುದಿಲ್ಲ. ಸಾಲಾಗಿ ನಿಂತ ಬೆಟಾಲಿಯನ್ ಹೊಕ್ಕರೆ ತುಂಡನ್ನು ಎತ್ತಿಬಿಡುವುದು. ಬೆಳೆ ತುಳಿದು ಹೋಯಿತು, ಮುಂದೆ ಅದು ಬರೀ ಬಯಲು. ಗೊಂಬೆ ನಾರಿನ ಮೇಲೆ ನಿಲ್ಲುವ ಪ್ರಸಂಗವೇ ಇಲ್ಲ. ಕೆಸರಿಗೆ ಮಾತ್ರ ಏನೂ ಮಾಡಲಿಲ್ಲ. ಹಿಂದಿನ ರಾತ್ರಿ ಸುರಿದ ಮಳೆಯನ್ನು ನಡೆಯ ದೂರ ಕಡಿಮೆ ಮಾಡಿ ತೋರಿಸಿದರೆ ಮುಗಿಯಿತು.

ಆಡಿದಾಗ

ನಿಯಮ ಪುಸ್ತಕ ಅದೇ. ಗೊಂಬೆಗಳೂ ಅವೇ. ಫ್ರೆಂಚ್ ಫಿರಂಗಿ ಸಾಲು ಮೊದಲ ಸುತ್ತುಗಳಲ್ಲಿ ಹೊಡೆದದ್ದು ಹೆಚ್ಚಾಗಿ ಖಾಲಿ ಇಳಿಜಾರಿಗೆ. ಆಟಗಾರನಿಗೆ ಅದು ಗೊತ್ತು, ಆದರೂ ನೆತ್ತಿಯ ಹಿಂದೆ ಯಾರು ಎಲ್ಲಿದ್ದಾರೆ ಗೊತ್ತಿಲ್ಲ. ಅಲ್ಲಿನವರನ್ನೆಲ್ಲ ಮಗುಚಿದ ಚೀಟಿಯಾಗಿ ಇಟ್ಟಿದ್ದೆ, ಕೆಲವು ಚೀಟಿ ಖಾಲಿ. ಲಾ ಹೇ ಸೇಂಟ್‌ಗೆ ಎಷ್ಟು ಜನ ಬಿಡಬೇಕು ಎಂದು ಅವನು ಬಹಳ ಹೊತ್ತು ಯೋಚಿಸಿದ. ಜಾಸ್ತಿ ಬಿಟ್ಟರೆ ಮೇಲೆ ಹೋಗಲು ಜನ ಇಲ್ಲ. ಕಡಿಮೆ ಬಿಟ್ಟರೆ ಮನೆಯಿಂದಲೂ ಮರಳು ಗುಂಡಿಯಿಂದಲೂ ಪಕ್ಕೆಗೆ ಗುಂಡು. ಮೊದಲ ಆಟದಲ್ಲಿ ಈ ಪ್ರಶ್ನೆ ಹುಟ್ಟಿಯೇ ಇರಲಿಲ್ಲ.

ಅವನು ಜಾಸ್ತಿ ಬಿಟ್ಟ. ಮನೆ ಬೀಳಲಿಲ್ಲ. ಬಲಗಡೆ ಮಾರ್ಕೊನ್ಯೆ ಬೇಲಿ ತಲುಪಿ ಅಲ್ಲಿ ಸಾಲು ಬಿಚ್ಚಲು ನಿಂತ. ಬ್ರಿಟಿಷ್ ಆಟಗಾರ ಕುದುರೆ ಬಿಡಬೇಕೋ ಬೇಡವೋ ಎಂದು ತೂಗಿದ. ಅವನ ಮುಂದೆ ಇನ್ನೊಂದು ಗೋಳು. ಬೇಲಿ ಅವನ ಕುದುರೆಗೂ ಅಡ್ಡಿಯೇ, ತನ್ನದೇ ಕಾಲಾಳುಗಳ ನಡುವೆ ಜಾಗ ಮಾಡಿಕೊಂಡು ಹೋಗಬೇಕು. ಬಿಟ್ಟ. ಒಂದು ಡಿವಿಜನ್ ಚೂರಾಯಿತು. ಕುದುರೆ ನಿಲ್ಲದೆ ಫಿರಂಗಿ ಸಾಲಿನವರೆಗೆ ಓಡಿ ಅಲ್ಲಿ ಸತ್ತಿತು. 1815ರಲ್ಲೂ ಹೆಚ್ಚುಕಡಿಮೆ ಹೀಗೇ ಆದದ್ದು. ಡಾನ್ಜೆಲೊ ಡಿವಿಜನ್ ಮಾತ್ರ ಇತಿಹಾಸಕ್ಕಿಂತ ಚೆನ್ನಾಗಿ ಹೊಡೆದಾಡಿ ನೆತ್ತಿಯ ಒಂದು ತುಂಡು ಹಿಡಿದುಕೊಂಡಿತು. ಫಲಿತಾಂಶ ಇತಿಹಾಸದ ಹಾಗೆ ಬಂದಿದೆಯಾ ಎಂದು ನಾನು ನೋಡುವುದಿಲ್ಲ. ಆ ದಿನದ ದಂಡನಾಯಕರ ಮುಂದಿದ್ದ ಪ್ರಶ್ನೆಗಳು ಇವರ ಮುಂದೆಯೂ ಬಂದವಾ ಎಂದು ನೋಡುತ್ತೇನೆ. ಬಂದವು.

ಸರಿಹೋಗದ್ದೂ ಇದೆ. ಡ್ಯುರುತ್ ಇಲ್ಲದ ಕಾರಣ ಫ್ರೆಂಚರ ಬಲತುದಿ ಖಾಲಿ. ಬ್ರಿಟಿಷ್ ಹಗುರ ಕುದುರೆಗಳು ಆ ಅಂಚಿನಲ್ಲಿ ಹೆದರಿಕೆಯೇ ಇಲ್ಲದೆ ಓಡಾಡಿದವು. ಮುಂದಿನ ಸಲ ಆ ಅಂಚಿನಿಂದ 20 ಸೆಂ.ಮೀ. ಒಳಗೆ ಬಂದ ಕುದುರೆ ದಳಕ್ಕೆ ದಾಳ ಹಾಕಿ ಡ್ಯುರುತ್‌ನ ಗುಂಡು ತಾಗಿತಾ ಎಂದು ನೋಡುವುದೆಂದು ಬರೆದಿಟ್ಟಿದ್ದೇವೆ.

ಈಗ ಅವರಿಗೆ ಅದೇ ಟೇಬಲ್‌ನಲ್ಲಿ ಸಂಜೆಯ ಭಾಗ ಆಡಬೇಕಂತೆ. ಆರು, ಆರೂವರೆ ಹೊತ್ತಿಗೆ ಗುಂಡು ಮುಗಿದು ಲಾ ಹೇ ಸೇಂಟ್ ಬಿದ್ದ ಮೇಲಿನದು. ಬೆಳೆಯ ತುಂಡು ಒಂದೂ ಬೇಡ, ಅಷ್ಟು ಹೊತ್ತಿಗೆ ನಿಂತ ಬೆಳೆ ಉಳಿದಿರಲಿಲ್ಲ. ಫ್ರೆಂಚ್ ಫಿರಂಗಿಗಳನ್ನು ಮನೆಯ ಪಕ್ಕಕ್ಕೆ ತರಬೇಕು. ಪಶ್ಚಿಮಕ್ಕೆ ಇನ್ನೂ 60 ಸೆಂ.ಮೀ. ಹಲಗೆ ಸೇರಿಸಬೇಕು, ಪೂರ್ವದಲ್ಲಿ ಅಷ್ಟೇ ಬಿಡಬಹುದು. ಹೊಸದಾಗಿ ಸೇರುವ ನೆಲ ಬಹುಪಾಲು ಗುಡ್ಡದ ಸುತ್ತಿನದೇ. ಅಲ್ಲಿಗೆ ಈಗಿನ ನಕ್ಷೆಯ ರೇಖೆಯನ್ನು ನೋಡಿದ ಕೂಡಲೇ ನಂಬುವ ಹಾಗಿಲ್ಲ. ಕ್ರಾನ್‌ನ ಆ ಭಾಗವನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಮೇಲೆ ಪಾರದರ್ಶಕ ಹಾಳೆ ಇಟ್ಟು, ಗೀರು ಎಲ್ಲಿ ಒತ್ತಾಗಿದೆ ಎಂದು ಕಿರಿಯವ ಗುರುತು ಹಾಕುತ್ತಿದ್ದಾನೆ. ಅದು ಮುಗಿಯುವ ತನಕ ಫೋಮ್ ಕತ್ತರಿಸುವಂತಿಲ್ಲ.